ಬಟ್ಟೆ ಅಂಗಡಿ ಷೇರು ಡಿಲಿಸ್ಟ್ ಆಗ್ತಿದೆ: ಕೊಡೋದಾ, ಇಟ್ಕೊಳ್ಳೋದಾ?

ಕುವೆಂಪುನಗರ_ಕೆ:
ರೆಡಿಮೇಡ್ ಬಟ್ಟೆ ಮಳಿಗೆಗಳ ಸರಣಿ ನಡೆಸೋ ಒಂದು ಕಂಪನಿ. ಹೆಸರು ಬೇಡ, ಅಂಕಿಗಳನ್ನೂ ದುಂಡಗೆ ಮಾಡಿ ಹಾಕ್ತಿದ್ದೀನಿ. ಸತತ ನಷ್ಟ. ಒಟ್ಟು 10 ಕೋಟಿ ಷೇರು, ಅದರಲ್ಲಿ ಪ್ರವರ್ತಕರದು (ಕಂಪನಿ ಹಿಡಿತದಲ್ಲಿಟ್ಕೊಂಡ ಮಾಲೀಕರದು) 7.1 ಕೋಟಿ, ನಮ್ಮಂಥವರದು 2.9 ಕೋಟಿ. ಸ್ವಯಂ ಡಿಲಿಸ್ಟಿಂಗ್‌ಗೆ ಅಂಚೆ ಮತದಾನದ ನೋಟಿಸ್ ಬಂದಿದೆ, ಅಂದ್ರೆ ಪ್ರವರ್ತಕರು ನಮ್ಮ ಷೇರು ಕೊಂಡು ಕಂಪನಿಯನ್ನ ಷೇರುಪೇಟೆಯಿಂದ ಹೊರತೆಗೀತಾರೆ. ತಳಬೆಲೆ (ನಿಯಮದ ಲೆಕ್ಕದ ಕನಿಷ್ಠ ಬೆಲೆ) ₹36.20, ನಿಗದಿತ ಬೆಲೆ (ಅವರು ಕೊಡ್ತೀವಿ ಅಂದಿರೋದು) ₹42, ಮಾರುಕಟ್ಟೆಯಲ್ಲಿ ₹38. ಮೈಸೂರು, ಮಂಡ್ಯ ಕಡೆ ಈ ಷೇರು ಇಟ್ಕೊಂಡವರು ಬಹಳ ಜನ ಇದ್ದಾರೆ, ಹೆಚ್ಚಿನವರು ₹100ರ ಮೇಲೆ ಕೊಂಡವರು. ಏನು ಮಾಡಬೇಕು?

ಎತ್ತಿನಗಾಡಿ_ಬುಲ್:
ಅವರು 42 ಅಂದ್ರೆ ನಾವು ಒಪ್ಕೋಬೇಕಾ? ಎಲ್ಲರೂ 120ಕ್ಕೆ ಬಿಡ್ ಹಾಕಿ. ಡಿಲಿಸ್ಟ್ ಆಗಬೇಕಂದ್ರೆ ಪ್ರವರ್ತಕರ ಪಾಲು 90% ಮುಟ್ಟಲೇಬೇಕು, ತಾವಾಗೇ ದಾರಿಗೆ ಬರ್ತಾರೆ.

ಮಂಡ್ಯ_ಲೆಕ್ಕಿಗ:
ಬಿಡ್ ಹಾಕೋಕೆ ಇಲ್ಲಿ ಜಾಗವೇ ಇಲ್ಲ ಸ್ವಾಮಿ. ನೋಟಿಸಲ್ಲಿ ‘ನಿಗದಿತ ಬೆಲೆ’ ಅಂತಿದೆ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ತನ್ನ 2021ರ ಡಿಲಿಸ್ಟಿಂಗ್ ನಿಯಮಕ್ಕೆ ತಿದ್ದುಪಡಿ ತಂದು ಈ ದಾರಿ ತೆರೆಯಿತು. ತಳಬೆಲೆಗಿಂತ ಕನಿಷ್ಠ 15% ಹೆಚ್ಚು ಕೊಟ್ಟರೆ ಸಾಕು. 36.20ಕ್ಕೆ 15% ಸೇರಿಸಿದರೆ 41.63, ಅದನ್ನೇ 42 ಮಾಡಿದ್ದಾರೆ. ಅಂದ್ರೆ ಕಾನೂನು ಕೇಳಿದ್ದಕ್ಕಿಂತ 37 ಪೈಸೆ ಔದಾರ್ಯ.

ನೀವು ಹೇಳ್ತಿರೋದು ರಿವರ್ಸ್ ಬುಕ್ ಬಿಲ್ಡಿಂಗ್. ಅಲ್ಲಿ ಷೇರುದಾರರು ಬೆಲೆ ಹೇಳ್ತಾರೆ, ಪ್ರವರ್ತಕರ ಪಾಲು 90% ಮುಟ್ಟುವ ಬೆಲೆಯೇ ನಿರ್ಗಮನ ಬೆಲೆ ಆಗುತ್ತೆ. ಇಲ್ಲಿ ನಮ್ಮ ಕೈಲಿರೋದು ಎರಡೇ: ಮತ, ಆಮೇಲೆ ಕೊಡೋದು ಅಥವಾ ಬಿಡೋದು.

ಮತದ ಲೆಕ್ಕ ಸಣ್ಣವರಿಗೆ ಅನುಕೂಲವಾಗೇ ಇದೆ. ವಿಶೇಷ ನಿರ್ಣಯ ಪಾಸಾದರಷ್ಟೇ ಸಾಲದು, ಸಾರ್ವಜನಿಕ ಷೇರುದಾರರ ಪರ ಮತ ವಿರೋಧ ಮತದ ಎರಡರಷ್ಟಾದರೂ ಇರಬೇಕು. ಪ್ರವರ್ತಕರ 7.1 ಕೋಟಿ ಈ ಎರಡನೇ ಲೆಕ್ಕಕ್ಕೆ ಬರಲ್ಲ. 60 ಲಕ್ಷ ಷೇರು ವಿರೋಧವಾಗಿ ಬಿದ್ದರೆ ಪರವಾಗಿ 1.2 ಕೋಟಿ ಬೇಕು. ಇ-ವೋಟಿಂಗ್ 30 ದಿನ ತೆರೆದಿರುತ್ತೆ, ಮೊಬೈಲಲ್ಲಿ ಐದು ನಿಮಿಷದ ಕೆಲಸ. ಆದರೂ ಹಾಕೋರಿಲ್ಲ, ಅದು ಬೇರೆ ಮಾತು.

ಎತ್ತಿನಗಾಡಿ_ಬುಲ್:
ಸರಿ, ಬಿಡ್ ಇಲ್ಲ. ಆದರೆ ಗಟ್ಟಿಯಾಗಿ ನಿಂತರೆ ತಡೆಯಬಹುದು ತಾನೇ? ಗಣಿ ಕಂಪನಿ ವೇದಾಂತಕ್ಕೆ 2020ರಲ್ಲಿ ಏನಾಯ್ತು? ತಳಬೆಲೆ 87.25, ಎಲ್‌ಐಸಿ 320 ಕೇಳ್ತು, ಡಿಲಿಸ್ಟಿಂಗ್ ಬಿದ್ದುಹೋಯ್ತು.

ಮಂಡ್ಯ_ಲೆಕ್ಕಿಗ:
ಬಿತ್ತು, ನಿಜ. ಸುಮಾರು 134 ಕೋಟಿ ಷೇರು ಬೇಕಿತ್ತು, ಬಂದದ್ದು ಸುಮಾರು 125 ಕೋಟಿ. ಆದರೆ ವೇದಾಂತದ ನೆಲದಡಿ ಸತು ಇದೆ, ಎಣ್ಣೆ ಇದೆ. ಕಾದವರಿಗೆ ಕಾಯೋಕೆ ಒಂದು ಕಾರಣ ಇತ್ತು. ಈ ಕಂಪನಿಯ ಹತ್ತಿರ ಏನಿದೆ? ಹೋದ ವರ್ಷದ ಕುರ್ತಾ.

ತಡೆಯೋ ಲೆಕ್ಕ ಬೇಕಾದ್ರೆ ಇಲ್ಲಿದೆ. 90% ಅಂದ್ರೆ 9 ಕೋಟಿ. ಪ್ರವರ್ತಕರಿಗೆ ಇನ್ನೂ 1.9 ಕೋಟಿ ಬೇಕು, ಅಂದ್ರೆ ಸಾರ್ವಜನಿಕರ ಮೂರರಲ್ಲಿ ಎರಡು ಪಾಲು ಕೊಡಬೇಕು. 1 ಕೋಟಿಗಿಂತ ಸ್ವಲ್ಪ ಹೆಚ್ಚು ಷೇರು ಸುಮ್ಮನೆ ಕೂತರೂ ಬಿದ್ದುಹೋಗುತ್ತೆ. ಎಕ್ಸ್‌ಚೇಂಜ್ ತಾಣದಲ್ಲಿ ತ್ರೈಮಾಸಿಕ ಷೇರುಪಾಲು ಪಟ್ಟಿ ತೆಗೆಯಿರಿ, 1%ಗಿಂತ ಹೆಚ್ಚಿರೋ ಸಾರ್ವಜನಿಕ ಷೇರುದಾರರ ಹೆಸರು ಸಿಗುತ್ತೆ. ಅವರಲ್ಲಿ ಇಬ್ಬರು ಮೂವರು ಏನು ಮಾಡ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. 42 ಸಿಗುತ್ತೆ ಅಂತಿದ್ದರೂ ಮಾರುಕಟ್ಟೆ 38ರಲ್ಲೇ ಇದೆಯಲ್ಲ, ಆ ನಾಲ್ಕು ರೂಪಾಯಿ ಅಂತರವೇ ‘ಇದು ಬೀಳಬಹುದು’ ಅನ್ನೋ ಅನುಮಾನದ ಬೆಲೆ.

ಸಯ್ಯಾಜಿರಾವ್_ರಸ್ತೆ:
ಕಾಯೋಕೆ ಕಾರಣ ಇದೆಯೋ ಇಲ್ಲವೋ ಅಂತ ತಿಳಿಯೋಕೆ ಬಟ್ಟೆ ವ್ಯಾಪಾರದ ಬ್ಯಾಲೆನ್ಸ್ ಶೀಟ್ ಓದೋದು ಕಲೀಬೇಕು. ದಸರಾ ಹೊತ್ತಲ್ಲಿ ದೇವರಾಜ ಅರಸು ರಸ್ತೆಯ ನೂಕುನುಗ್ಗಲು ನೋಡಿ ಷೇರು ಕೊಂಡವರಿಗೆ ಇದನ್ನ ಯಾರೂ ಹೇಳಿರಲ್ಲ.

ಮೊದಲು ಬಾಡಿಗೆ. 2019ರ ಏಪ್ರಿಲ್‌ನಿಂದ ಇಂಡ್-ಎಎಸ್ 116 ಅನ್ನೋ ಲೆಕ್ಕಪತ್ರ ನಿಯಮ ಬಂದ ಮೇಲೆ ಮಳಿಗೆ ಬಾಡಿಗೆಯ ಬಹುಪಾಲು ‘ಬಾಡಿಗೆ’ ಅನ್ನೋ ಸಾಲಿನಲ್ಲಿ ಕಾಣಲ್ಲ. ಒಂದಷ್ಟು ಸವಕಳಿಗೆ, ಒಂದಷ್ಟು ಬಡ್ಡಿಗೆ ಹೋಗಿ ಕೂರುತ್ತೆ. ಹಾಗಾಗಿ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯೋ ಮುಂಚಿನ ಲಾಭ) ಕೊಬ್ಬಿದ ಹಾಗೆ ಕಾಣುತ್ತೆ. ಕಂಪನಿಯವರು ‘ಎಬಿಟ್ಡಾ ಲಾಭದಲ್ಲಿದೆ’ ಅಂದಾಗ ನಗದು ಹರಿವಿನ ಪಟ್ಟಿಗೆ ಹೋಗಿ, ಹಣಕಾಸು ಚಟುವಟಿಕೆಯ ಕೆಳಗೆ ‘ಗುತ್ತಿಗೆ ಹೊಣೆ ಪಾವತಿ’ ಹುಡುಕಿ, ಎಬಿಟ್ಡಾದಿಂದ ಕಳೆಯಿರಿ. ಎಷ್ಟೋ ಸಲ ಏನೂ ಉಳಿಯಲ್ಲ.

ಆಮೇಲೆ ದಾಸ್ತಾನು. ಮಾರಾಟ ಇಳೀತಿದ್ದು ದಾಸ್ತಾನು ಹಾಗೇ ಇದ್ದರೆ ಗೋದಾಮಲ್ಲಿರೋದು ಹಳೇ ಸೀಸನ್ ಮಾಲು. ಅಕ್ಕಿ ಹಳೇದಾದ್ರೆ ಬೆಲೆ ಏರುತ್ತೆ, ಬಟ್ಟೆ ಹಾಗಲ್ಲ. ಎರಡು ಸೀಸನ್ ದಾಟಿದ ಮಾಲನ್ನ ಅರ್ಧ ಬೆಲೆಗೂ ಕೇಳೋರಿಲ್ಲ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು ಪೂರ್ತಿ ಖರೀದಿ ಬೆಲೆಗೆ ಕೂತಿರಬಹುದು. ದಾಸ್ತಾನಿನ ಬೆಲೆ ಎಷ್ಟು ತಗ್ಗಿಸಿ ಹಿಡಿದಿದ್ದಾರೆ ಅಂತ ಟಿಪ್ಪಣಿಗಳಲ್ಲಿ ನೋಡಿ. ಲೆಕ್ಕಪರಿಶೋಧಕರ ವರದಿಯಲ್ಲಿ ‘ಗೋಯಿಂಗ್ ಕನ್ಸರ್ನ್’ (ಕಂಪನಿ ಮುಂದೆಯೂ ನಡೆಯುತ್ತೆ ಅನ್ನೋದು) ಬಗ್ಗೆ ಅನುಮಾನದ ಪ್ಯಾರಾ ಇದ್ದರಂತೂ 42 ಕಡಿಮೆ ಅಂತ ಜಗಳ ಆಡೋ ಮೊದಲು ಅದನ್ನ ಎರಡು ಸಲ ಓದಿ.

ಎತ್ತಿನಗಾಡಿ_ಬುಲ್:
ಎಲ್ಲರೂ ಹೆದರಿಸೋರೇ. ಕ್ಯಾಡ್‌ಬರಿ ಇಂಡಿಯಾ ಡಿಲಿಸ್ಟ್ ಆಗಿ ವರ್ಷಗಳಾದ ಮೇಲೂ ಷೇರು ಬಿಡದವರಿಗೆ 1,340 ಕೊಡ್ತೀವಿ ಅಂದ್ರು. ಅವರು ಹೋರಾಡಿದ್ರು, 2014ರಲ್ಲಿ ಬಾಂಬೆ ಹೈಕೋರ್ಟ್ 2,014.50 ಕೊಡಿಸ್ತು. ಕೂತವರು ಗೆದ್ದರಲ್ಲ?

ಮಂಡ್ಯ_ಲೆಕ್ಕಿಗ:
ಚಾಕಲೇಟ್ ಮಾರಿ ಲಾಭ ಮಾಡೋ ಕಂಪನಿ ಅದು. ಕೂತವರಿಗೆ ಅದರ ಲಾಭ ಬೆಳೀತಿತ್ತು. ನಷ್ಟದ ಕಂಪನಿಯಲ್ಲಿ ಕೂತರೆ ಬೆಳೆಯೋದು ಸಾಲ.

ಡಿಲಿಸ್ಟ್ ಆದಮೇಲೂ ಕನಿಷ್ಠ ಒಂದು ವರ್ಷ ಅದೇ ಬೆಲೆಗೆ ಪ್ರವರ್ತಕರು ಉಳಿದವರ ಷೇರು ಕೊಳ್ಳಬೇಕು. ಅದು ದಾಟಿದ ಮೇಲೆ ಆ ಹಕ್ಕಿಲ್ಲ, ಪೇಟೆಯೂ ಇಲ್ಲ. ಇನ್ನೊಂದು ಕಡೆ, ಡಿಲಿಸ್ಟಿಂಗ್ ಬಿದ್ದು ಕಂಪನಿ ಮುಂದೆ ದಿವಾಳಿ ಕೇಸು ನಡೆಸೋ ನ್ಯಾಯಮಂಡಳಿ ಎನ್‌ಸಿಎಲ್‌ಟಿಗೆ ಹೋದ್ರೆ ಆಟವೇ ಬೇರೆ. ದಿವಾಳಿ ಸಂಹಿತೆಯ 53ನೇ ಸೆಕ್ಷನ್‌ನಲ್ಲಿ ಹಣ ಹಂಚೋ ಸಾಲು ನೋಡಿ: ಪ್ರಕ್ರಿಯೆಯ ಖರ್ಚು, ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಸಾಲದ ಬ್ಯಾಂಕು, ನೌಕರರ 12 ತಿಂಗಳ ಸಂಬಳ, ಅಡಮಾನ ಇಲ್ಲದೆ ಸಾಲ ಕೊಟ್ಟವರು, ಸರ್ಕಾರ, ಬಾಕಿ ಬರಬೇಕಾದ ಉಳಿದವರು, ಪ್ರಿಫರೆನ್ಸ್ ಷೇರು. ಕಟ್ಟಕಡೆಗೆ ನಾವು. ಅಲ್ಲಿ ಒಪ್ಪಿಗೆಯಾದ ಪರಿಹಾರ ಯೋಜನೆಯಡಿ (ಕಂಪನಿಯನ್ನ ಹೊಸಬರಿಗೆ ವಹಿಸೋ ಯೋಜನೆ) ಡಿಲಿಸ್ಟ್ ಆದ್ರೆ ಈ 90%, 2:1 ಮತ ಯಾವುದೂ ಅನ್ವಯಿಸಲ್ಲ. ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್ 2021ರ ಜೂನ್‌ನಲ್ಲಿ ಹಾಗೇ ಹೋಯ್ತು, ಸಣ್ಣ ಷೇರುದಾರರಿಗೆ ಸೊನ್ನೆ. ಅಂಥ ಸುದ್ದಿ ಬಂದಮೇಲೆ ದಿನಾ ಲೋಯರ್ ಸರ್ಕ್ಯೂಟ್ (ಒಂದು ದಿನಕ್ಕೆ ಬೀಳಬಹುದಾದ ಗರಿಷ್ಠ ಮಿತಿ), ಮಾರೋಣ ಅಂದ್ರೂ ಕೊಳ್ಳೋರಿಲ್ಲ.

ಹೆಬ್ಬಾಳ_ರಿಂಗ್‌ರೋಡ್:
ನಮ್ಮಲ್ಲಿ ನಿರ್ಗಮನ ಬೆಲೆಯಾದರೂ ಇದೆ. ಬ್ರಿಟನ್‌ನ ಸೂಪರ್‌ಡ್ರೈ ಅನ್ನೋ ಬಟ್ಟೆ ಕಂಪನಿ 2024ರ ಜುಲೈನಲ್ಲಿ ಲಂಡನ್ ಎಕ್ಸ್‌ಚೇಂಜ್ ಬಿಟ್ಟಿತು. ಅಲ್ಲಿ ಸ್ವಯಂ ಡಿಲಿಸ್ಟಿಂಗ್‌ಗೆ ಷೇರು ವಾಪಸ್ ಕೊಳ್ಳಲೇಬೇಕು ಅನ್ನೋ ಕಡ್ಡಾಯ ಇಲ್ಲ.

ಒಂಟಿಕೊಪ್ಪಲ್_77:
ಕಾಗದದ ಷೇರು ಇರೋರು ಏನು ಮಾಡಬೇಕು? ಅದೂ ತೀರಿಕೊಂಡವರ ಹೆಸರಲ್ಲಿ ಇದ್ದರೆ?

ಮಂಡ್ಯ_ಲೆಕ್ಕಿಗ:
ಡಿಮ್ಯಾಟ್ ಇದ್ದವರಿಗೆ ಸುಲಭ. ಬ್ರೋಕರ್ ಆ್ಯಪ್‌ನಲ್ಲಿ ಆಫರ್ ವಿಭಾಗದಲ್ಲಿ ಕೊಡುವ ಸಂಖ್ಯೆ ಹಾಕಿ, ಡಿಪಾಸಿಟರಿಯ ಒಟಿಪಿ ಕೊಟ್ಟರೆ ಷೇರಿನ ಮೇಲೆ ಲಿಯನ್ (ಬೇರೆಡೆ ಮಾರದಂತೆ ತಡೆ) ಬೀಳುತ್ತೆ. ಡಿಲಿಸ್ಟಿಂಗ್ ಬಿದ್ದರೆ ಲಿಯನ್ ತೆಗೀತಾರೆ. ಷೇರು ಕೊಡೋ ಕಿಟಕಿ ತೆರೆದಿರೋದು 5 ಕೆಲಸದ ದಿನ ಮಾತ್ರ. ಕೊನೇ ದಿನ ಮಧ್ಯಾಹ್ನದವರೆಗೂ ಕಾಯಬೇಡಿ, ಕೆಲವು ಬ್ರೋಕರ್‌ಗಳು ಮೊದಲೇ ಮುಚ್ಚಿಬಿಡ್ತಾರೆ. ನೀವು ಕೊಟ್ಟಿದ್ದಕ್ಕೆ ಟಿಆರ್‌ಎಸ್ ಚೀಟಿ (ವಹಿವಾಟು ನೋಂದಣಿ ರಸೀದಿ) ಕೇಳಿ ಇಟ್ಕೊಳ್ಳಿ.

ಕಾಗದ ಇದ್ದರೆ ಅಸಲು ಪ್ರಮಾಣಪತ್ರ, ಸಹಿ ಮಾಡಿದ ಎಸ್‌ಎಚ್-4 ವರ್ಗಾವಣೆ ನಮೂನೆ, ಪ್ಯಾನ್ ಪ್ರತಿ ಬ್ರೋಕರ್ ಮೂಲಕ ಕಂಪನಿಯ ಷೇರು ದಾಖಲೆ ಇಡೋ ರಿಜಿಸ್ಟ್ರಾರ್‌ಗೆ ಹೋಗಬೇಕು. ಹಳೇ ಸಹಿ ಈಗಿನದಕ್ಕೆ ತಾಳೆ ಆಗದೆ ವಾಪಸ್ ಬರೋದೇ ಹೆಚ್ಚು. ತೀರಿಕೊಂಡವರ ಹೆಸರಲ್ಲಿದ್ದರೆ ಮೊದಲು ವಾರಸುದಾರರ ಹೆಸರಿಗೆ ಟ್ರಾನ್ಸ್‌ಮಿಷನ್ ಆಗಬೇಕು. ಆ 5 ದಿನದಲ್ಲಿ ಅದು ಆಗೋ ಮಾತಲ್ಲ, ಇವತ್ತೇ ಶುರು ಮಾಡಿ. ಆ 5 ದಿನ ಸಿಗದೇ ಹೋದ್ರೂ ನಂತರದ ಒಂದು ವರ್ಷದ ಅವಕಾಶ ನಿಮ್ಮಂಥವರಿಗೇ ಇರೋದು. ಏಳು ವರ್ಷ ಸತತ ಡಿವಿಡೆಂಡ್ ಕ್ಲೇಮ್ ಮಾಡಿಲ್ಲ ಅಂದ್ರೆ ಷೇರು ಸರ್ಕಾರದ ಹೂಡಿಕೆದಾರ ನಿಧಿ ಐಇಪಿಎಫ್‌ಗೆ ಹೋಗಿರಬಹುದು, ಅದನ್ನೂ ನೋಡಿ.

ಸಯ್ಯಾಜಿರಾವ್_ರಸ್ತೆ:
ತೆರಿಗೆ ಮರೀಬೇಡಿ. ಎಕ್ಸ್‌ಚೇಂಜ್ ಕಿಟಕಿಯಲ್ಲಿ ಕೊಟ್ಟರೆ ಎಸ್‌ಟಿಟಿ (ಷೇರು ವಹಿವಾಟು ತೆರಿಗೆ) ಕಟ್ಟಿದ ಮಾರಾಟ: 12 ತಿಂಗಳು ದಾಟಿದ್ದರೆ ವರ್ಷಕ್ಕೆ ₹1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ 12.5%. ಡಿಲಿಸ್ಟ್ ಆದಮೇಲೆ ಕೊಟ್ಟರೆ ಆ ₹1.25 ಲಕ್ಷದ ವಿನಾಯಿತಿ ಇಲ್ಲ, ದೀರ್ಘಾವಧಿ ಅನಿಸಿಕೊಳ್ಳೋಕೆ 24 ತಿಂಗಳು ಬೇಕು. 100ಕ್ಕೆ ಕೊಂಡವರಿಗೆ ಇಲ್ಲಿ ಲಾಭದ ಮಾತೇ ಇಲ್ಲ ಬಿಡಿ. ಆದರೆ ನಷ್ಟವನ್ನ 8 ವರ್ಷ ಮುಂದಕ್ಕೆ ಒಯ್ಯಬಹುದು, ರಿಟರ್ನ್ ಗಡುವಿನೊಳಗೆ ಹಾಕಿದ್ದರೆ ಮಾತ್ರ.

ಎತ್ತಿನಗಾಡಿ_ಬುಲ್:
ನಾನಂತೂ ವಿರೋಧವಾಗೇ ಮತ ಹಾಕೋದು. 15% ಅನ್ನೋದು ಬಿದ್ದ ಬೆಲೆಯ ಮೇಲಿನ 15%.

ಮಂಡ್ಯ_ಲೆಕ್ಕಿಗ:
ಆ ಮಾತಿಗೆ ನನ್ನ ತಕರಾರಿಲ್ಲ. ತಳಬೆಲೆಗೆ 60 ವಹಿವಾಟು ದಿನಗಳ ತೂಕದ ಸರಾಸರಿ ನೋಡ್ತಾರೆ, ಷೇರು ನೆಲ ಕಚ್ಚಿದಾಗ ಅರ್ಜಿ ಹಾಕಿದ್ರೆ ಸರಾಸರಿಯೂ ನೆಲದಲ್ಲೇ. ಅದಕ್ಕೇ ಈಗ ಸ್ವತಂತ್ರ ಮೌಲ್ಯಮಾಪಕರು ಹೇಳೋ ಹೊಂದಿಸಿದ ಪುಸ್ತಕ ಮೌಲ್ಯವನ್ನೂ (ಆಸ್ತಿಯಲ್ಲಿ ಸಾಲ ಕಳೆದು ಉಳಿಯೋದು) ಲೆಕ್ಕಕ್ಕೆ ಸೇರಿಸಿದ್ದಾರೆ. ಆ ವರದಿ ಕೇಳಿ ಓದಿ. ಮಳಿಗೆಗಳೆಲ್ಲ ಬಾಡಿಗೆಯವೇ ಆದ್ರೆ ಅಲ್ಲೂ ಹೆಚ್ಚೇನೂ ಹುಟ್ಟಲ್ಲ.

ಕುವೆಂಪುನಗರ_ಕೆ:
ವಿರೋಧ ಮತ ಹಾಕಿದವರು ಆಮೇಲೆ 42ಕ್ಕೆ ಕೊಡಬಹುದಾ?

ಮಂಡ್ಯ_ಲೆಕ್ಕಿಗ:
ಧಾರಾಳವಾಗಿ. ಮತ ಬೇರೆ, ಷೇರು ಕೊಡೋದು ಬೇರೆ. ನೋಟಿಸಲ್ಲಿ ‘ಕಟ್-ಆಫ್ ದಿನಾಂಕ’ ಅಂತ ಇರುತ್ತೆ, ಆ ದಿನ ನಿಮ್ಮ ಹೆಸರಲ್ಲಿದ್ದ ಷೇರಿಗಷ್ಟೇ ಮತ. ಅದರ ನಂತರ ಕೊಂಡವರಿಗೆ ಮತ ಇಲ್ಲ, ಆದರೆ ಕಿಟಕಿ ತೆರೆದಾಗ ಅವರೂ ಕೊಡಬಹುದು.