ಮೈಸೂರಲ್ಲೇ ಇದ್ದು ಬೆಂಗಳೂರಿಗೆ ಓಡಾಡ್ಲಾ, ಇಲ್ಲಾ ಮನೇನೇ ಶಿಫ್ಟ್ ಮಾಡ್ಲಾ? ಅನುಭವ ಇದ್ದೋರು ಹೇಳಿ

ಎಲ್ರಿಗೂ ನಮಸ್ತೆ. ಬೆಂಗಳೂರು ಇಂದಿರಾನಗರದಲ್ಲಿ ಮಕ್ಕಳ ಪುಸ್ತಕ ಮಾಡೋ ಒಂದು ಕಡೆ ಚಿತ್ರ ಬರೆಯೋ ಕೆಲಸ ಸಿಕ್ಕಿದೆ, ಫುಲ್ ಟೈಮ್. ಮೈಸೂರಿನ ಕಾವಾ ಕಲಾ ಕಾಲೇಜಲ್ಲಿ ಓದ್ತಿದ್ದಾಗಿಂದ ನಂಗೆ ಬೇಕಿದ್ದ ಕೆಲಸ ಅಂದ್ರೆ ಇದೇ, ಸಿಗಲ್ಲ ಅಂತ ಕೈಬಿಟ್ಟು ಇಷ್ಟು ವರ್ಷ ಸ್ಕೂಲಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ವಾರಕ್ಕೆ ನಾಲ್ಕು ದಿನ ಆಫೀಸಿಗೆ ಬರ್ಲೇಬೇಕಂತೆ, ಒಂದಿನ ಮನೆಯಿಂದ ಮಾಡ್ಬೋದಂತೆ. ನಮ್ಮನೆಯವ್ರು ಇಲ್ಲೇ ಒಂದು ಕಾಲೇಜಲ್ಲಿ ಲ್ಯಾಬ್ ಅಸಿಸ್ಟೆಂಟು, ಪರ್ಮನೆಂಟ್ ಪೋಸ್ಟು, ಅವ್ರು ಬಿಟ್ಟು ಬರೋ ಹಾಗಿಲ್ಲ. ಮಗಳು ಎರಡನೇ ಕ್ಲಾಸು. ಅತ್ತೆ ಜೊತೇಲೇ ಇದಾರೆ, ಅವ್ರಿಗೆ ಮಂಡಿ ನೋವು. ಸಂಬಳ ಈಗಿನದಕ್ಕಿಂತ ಡಬಲ್, ಆದ್ರೆ ಬೆಂಗಳೂರಲ್ಲಿ ಮನೆ ಮಾಡಿದ್ರೆ ಆ ಡಬಲ್ಲು ಬಾಡಿಗೆಗೆ ಸರಿಹೋಗತ್ತೆ. ಇನ್ನು ಎರಡು ವಾರದಲ್ಲಿ ಉತ್ತರ ಹೇಳ್ಬೇಕು. ಕೆಲಸ ಬೇಡ ಅನ್ನೋ ಸಲಹೆ ಮಾತ್ರ ಬೇಡ, ಅದನ್ನ ಹೇಳೋಕೆ ನೆಂಟರಿದಾರೆ.

ಚಾಮುಂಡಿ ಪಾಸ್‌ನೋರು, ಮೈಸೂರು:

ಮೊದ್ಲು ಕಂಗ್ರಾಟ್ಸ್ ಮೇಡಂ. ನಾನು ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಓಡಾಡ್ತಿರೋದು ಸಿಂಗಲ್ ಲೈನ್ ಇದ್ದ ಕಾಲದಿಂದ, ಕ್ರಾಸಿಂಗ್ ಅಂತ ಎಲ್ಲೆಲ್ಲೋ ನಿಲ್ಲಿಸಿಬಿಡೋರು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಇತ್ತು, 2017ರಲ್ಲಿ ಆ ಕಟ್ಟಡಾನ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ರು ನೋಡಿ, ಆಮೇಲೇ ಅಲ್ಲಿ ಜೋಡಿ ಹಳಿ ಬಂದಿದ್ದು. ಈಗ ಪರವಾಗಿಲ್ಲ, ಟೈಮಿಗೆ ಹೋಗತ್ತೆ ಅನ್ನಬಹುದು.

ದುಡ್ಡಿನ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ. ಸೀಸನ್ ಪಾಸ್ 150 ಕಿಲೋಮೀಟರ್‌ವರೆಗೆ ಕೊಡ್ತಾರೆ, ನಮ್ಮ ಮೈಸೂರು–ಬೆಂಗಳೂರು 140ರೊಳಗೆ ಬರೋದ್ರಿಂದ ಬಚಾವ್, ಹಾಸನದೋರಿಗೆ ಆ ಭಾಗ್ಯ ಇಲ್ಲ. ಆದ್ರೆ ಪಾಸ್ ಇಟ್ಕೊಂಡು ರಿಸರ್ವೇಶನ್ ಬೋಗಿಗೆ ಹತ್ತಂಗಿಲ್ಲ, ಟಿಟಿ ಇಳಿಸ್ತಾರೆ. ಬೆಳಿಗ್ಗೆ ಮೈಸೂರಲ್ಲಿ ಹತ್ತೋ ನಮಗೆ ಸೀಟ್ ಸಿಗತ್ತೆ, ಮಂಡ್ಯ ದಾಟೋ ಹೊತ್ತಿಗೆ ಕಾಲಿಡೋಕೂ ಜಾಗ ಇರಲ್ಲ. ಸಂಜೆ ಮೆಜೆಸ್ಟಿಕ್‌ನಲ್ಲಿ ಅರ್ಧ ಗಂಟೆ ಮುಂಚೆ ಹೋಗಿ ಕರ್ಚೀಫ್ ಹಾಕದಿದ್ರೆ ಮಂಡ್ಯವರೆಗೆ ನಿಂತೇ.

ಈಗ ನಿಮ್ಮ ದಿನ ಹೆಂಗಿರತ್ತೆ ನೋಡಿ. ಆರು ಗಂಟೆ ಸುಮಾರಿಗೆ ಮನೆ ಬಿಡಬೇಕು. ಒಂಬತ್ತೂವರೆ ಆಸುಪಾಸು ಮೆಜೆಸ್ಟಿಕ್, ಅಲ್ಲಿಂದ ನೇರಳೆ ಲೈನ್ ಮೆಟ್ರೋ, ಇಂದಿರಾನಗರಕ್ಕೆ ಎಲ್ಲೂ ಬದಲಾಯಿಸ್ಬೇಕಾಗಿಲ್ಲ, ಆ ವಿಷಯದಲ್ಲಿ ನೀವು ಪುಣ್ಯವಂತರು. ಹತ್ತಕ್ಕೆ ಆಫೀಸು. ವಾಪಸ್ ಆರೂಕಾಲಿನ ಗಾಡಿ, ಅಂದ್ರೆ ಐದೂಕಾಲಿಗೆ ನೀವು ಕುರ್ಚಿಯಿಂದ ಏಳ್ಬೇಕು, ಮನೆ ಸೇರೋದು ಒಂಬತ್ತರ ಮೇಲೆ. ನನ್ನ ಪ್ರಕಾರ ಪ್ರಶ್ನೆ ಇರೋದು ರೈಲಲ್ಲಲ್ಲ, ಆ ಐದೂಕಾಲಲ್ಲಿ. ಹತ್ತಕ್ಕೆ ಬಂದು ಐದೂಕಾಲಿಗೆ ಬ್ಯಾಗ್ ಹಾಕ್ಕೊಂಡು ಹೊರಡೋರನ್ನ ಹೊಸ ಆಫೀಸು ಎಷ್ಟು ದಿನ ಸಹಿಸತ್ತೆ? ಇಂಟರ್‌ವ್ಯೂನಲ್ಲಿ ಎಲ್ರೂ "ನೋ ಪ್ರಾಬ್ಲಂ" ಅಂತಾರೆ. ಆಫರ್ ಲೆಟರ್‌ಗೆ ಸೈನ್ ಹಾಕೋ ಮುಂಚೆ ಈ ಟೈಮಿಂಗ್‌ನ ಮೇಲ್‌ನಲ್ಲಿ ಬರೆಸ್ಕೊಳಿ. ನಮ್ಮ ಬೋಗೀಲಿ ಕೆಲಸ ಬಿಟ್ಟೋರಲ್ಲಿ ಓಡಾಟ ಸುಸ್ತಾಗಿ ಬಿಟ್ಟೋರು ಕಮ್ಮಿ, ಸಂಜೆ ಐದಕ್ಕೆ ಮೀಟಿಂಗ್ ಇಟ್ಟೂ ಇಟ್ಟೂ ಬೇಜಾರಾಗಿ ಬಿಟ್ಟೋರೇ ಜಾಸ್ತಿ.

ಕಾರಲ್ಲಿ ಹೋಗೋನು:

ಕಾರ್ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಓಪನ್ ಆದಾಗ ಎಲ್ರೂ ಒಂದೂವರೆ ಗಂಟೇಲಿ ಬೆಂಗಳೂರು ಅಂತಿದ್ರು, ಹೌದು, ಕೆಂಗೇರಿವರೆಗೆ. ಕೆಂಗೇರಿಯಿಂದ ಇಂದಿರಾನಗರಕ್ಕೆ ಅಷ್ಟೇ ಹೊತ್ತು ಬೇಕಾದ ದಿನಗಳೂ ಇದಾವೆ. ಟೋಲ್ ಎರಡೂ ಸೇರಿ ಒಂದು ಸೈಡಿಗೇ ಮುನ್ನೂರು ದಾಟತ್ತೆ. ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತಲ್ಲ 2025ರ ಆಗಸ್ಟಲ್ಲಿ, ಆಗ 3,000 ರೂಪಾಯಿಗೆ 200 ಟ್ರಿಪ್ಪು, ಅದೇನೋ ಚೆನ್ನಾಗಿದೆ, ಆದ್ರೆ ಒಂದೊಂದು ಟೋಲ್ ದಾಟಿದ್ದೂ ಒಂದೊಂದು ಟ್ರಿಪ್ಪು, ಹೋಗ್ತಾ ಎರಡು ಬರ್ತಾ ಎರಡು, 50 ದಿನದಲ್ಲಿ ಖಾಲಿ. ಪೆಟ್ರೋಲ್ ಬೇರೆ. ರೈಲು ತಪ್ಪಿದ ದಿನಕ್ಕೆ ಇರ್ಲಿ, ದಿನಾ ಬೇಡ.

ಮಂಡ್ಯದೋಳು:

ನಾವು ಮಾಡಿದ್ದು ಹೇಳ್ತೀನಿ ಕೇಳಿ. ನಮ್ಮೆಜಮಾನ್ರು ಕೆಲಸ ಮೈಸೂರಲ್ಲಿ, ನಂದು ಬೆಂಗಳೂರಲ್ಲಿ, ಇಬ್ರಿಗೂ ಅನ್ಯಾಯ ಆಗ್ದಿರ್ಲಿ ಅಂತ ಮಂಡ್ಯದಲ್ಲಿ ಮನೆ ಮಾಡಿದೀವಿ. ಬಾಡಿಗೆ ಕಮ್ಮಿ, ನೀರು ಗಾಳಿ ಚೆನ್ನಾಗದೆ, ಎಲ್ಲಾ ಸರಿ ಕಣ್ರೀ. ಆದ್ರೆ ಮಗೂಗೆ ಜ್ವರ ಬಂದ್ರೆ ಇಬ್ರೂ ಊರಲ್ಲಿರಲ್ಲ. ಸ್ಕೂಲಿಂದ ಫೋನ್ ಬಂದಾಗ ಅವ್ರು ಬರೋಕೆ ಒಂದು ಗಂಟೆ, ನಾನು ಬರೋಕೆ ರೈಲು ಇದ್ರೆ ಉಂಟು ಇಲ್ದಿದ್ರೆ ಇಲ್ಲ. ಮಧ್ಯದ ಊರು ಅಂದ್ರೆ ಇಬ್ರ ಕಡೆಯೋರೂ ಇಲ್ದಿರೋ ಊರು, ಅದನ್ನ ಯಾರೂ ಮೊದ್ಲೇ ಹೇಳಲ್ಲ.

ಓಡಾಟ ಅಷ್ಟೇನೂ ಕೆಟ್ಟದಲ್ಲ, ಹೆದರ್ಕೋಬೇಡಿ. ಸಂಜೆ ಗಾಡೀಲಿ ನಮ್ಮದೊಂದು ಗುಂಪದೆ. ಚಳಿಗಾಲದಲ್ಲಿ ಬಂದು ನೋಡಿ, ಕೆಂಗೇರಿ ದಾಟ್ತಿದ್ದಂಗೆ ಎಲ್ರ ತೊಡೆ ಮೇಲೂ ಪೇಪರ್ ಹರಡ್ಕೊಳತ್ತೆ, ಅವರೆಕಾಯಿ ಸುಲಿಯೋಕೆ ಶುರು. ಕಾಳು ಮಧ್ಯಾಹ್ನದ ಖಾಲಿ ಟಿಫನ್ ಡಬ್ಬಿಗೆ, ಸಿಪ್ಪೆ ಒಂದು ಕವರಿಗೆ, ಯಾರ ಕಾಯಲ್ಲಿ ಸೊನೆ ಜಾಸ್ತಿ ಅಂತ ಮೂಸಿ ನೋಡ್ಕೊಂಡು ಜಗಳ, ಚನ್ನಪಟ್ಟಣ ಬರೋಷ್ಟರಲ್ಲಿ ನಾಳೆ ಸಾರಿಗೆ ರೆಡಿ. ಆಮೇಲೆ ವಡೆಯವನು ಹತ್ತುತಾನೆ. ಆಫೀಸು, ಅತ್ತೆ, ಮಕ್ಕಳ ಮಾರ್ಕ್ಸು ಎಲ್ಲಾ ಅಲ್ಲೇ ಮಾತಾಡಿ ಮುಗಿಸಿ ಹಗುರಾಗಿ ಇಳೀತೀವಿ. ನಿಜ ಹೇಳ್ಬೇಕಂದ್ರೆ ದಿನದಲ್ಲಿ ನಂಗೆ ಅಂತ ಇರೋ ಟೈಮು ಅದೊಂದೇ.

ಒಂದ್ ಮಾತು ಕೇಳ್ತೀನಿ, ಬೇಜಾರಾಗ್ಬೇಡಿ. ಅತ್ತೆ ಇದಾರೆ ಅಂದ್ರಲ್ಲ, ಅವ್ರನ್ನ ಕೇಳಿದ್ರಾ? ನೀವು ಆರಕ್ಕೆ ಹೊರಟ್ರೆ ಮಗೂನ ಎಬ್ಬಿಸಿ ಜಡೆ ಹಾಕಿ ವ್ಯಾನ್ ಹತ್ತಿಸೋದು ಯಾರು, ಮಂಡಿ ನೋವಿನೋರಾ? ಯಜಮಾನ್ರಿಗೆ ಜಡೆ ಹಾಕೋಕೆ ಬತ್ತದಾ? ನಗ್ಬೇಡಿ, ನಮ್ಮನೇಲಿ ಅದೇ ದೊಡ್ಡ ವಿಷಯ ಆಗಿತ್ತು.

ಬಂಗಾರಪೇಟೆ ಕಡೆಯವ್ನು:

ನಮ್ ಕಡೆ ಇದನ್ನ ಯಾರೂ ಪ್ರಶ್ನೆ ಅಂತಾನೇ ಅನ್ಕೊಳಲ್ಲ. 2001ರಲ್ಲಿ ಕೆಜಿಎಫ್ ಮೈನ್ಸ್ ಮುಚ್ಚಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆ ರೈಲೇ ನಮ್ ಜನಕ್ಕೆ ಜೀವನ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋದು, ಮನೆ ಖಾಲಿ ಮಾಡಿ ಬೆಂಗಳೂರಿಗೆ ಹೋಗೋಣ ಅಂದ್ರೆ ದುಡ್ಡಿಲ್ಲ. ಹಂಗಾಗಿ ಡ್ರೀಮ್ ಜಾಬ್ ಅನ್ನೋದು ನಮಗೆ ಸ್ವಲ್ಪ ದೂರದ ಮಾತು. ಆದ್ರೂ ಒಂದು ಕಂಡಿರೋದು ಹೇಳ್ತೀನಿ. ನಂಗೆ ವೈಟ್‌ಫೀಲ್ಡ್ ಸ್ಟೇಷನ್‌ನಿಂದ ಕಂಪನಿಗೆ ನಡ್ಕೊಂಡು ಹೋಗೋ ದೂರ, ಒಂದೇ ರೈಲು, ಇಷ್ಟು ವರ್ಷ ಆದ್ರೂ ಸುಸ್ತು ಅನ್ಸಿಲ್ಲ. ನಮ್ಮಣ್ಣಂಗೆ ನನಗಿಂತ ಹತ್ರ, ಮಾಲೂರಿಂದ ಹೋಗೋದು, ಆದ್ರೆ ರೈಲು, ಬಸ್ಸು, ಆಮೇಲೆ ಶೇರ್ ಆಟೋ, ಒಂದು ತಪ್ಪಿದ್ರೆ ಮೂರೂ ತಪ್ತು. ಎರಡೇ ವರ್ಷಕ್ಕೆ ಬಿಟ್ಟ. ಕಿಲೋಮೀಟರ್ ಲೆಕ್ಕ ಹಾಕ್ಬೇಡಿ ಅಕ್ಕ, ಎಷ್ಟು ಸಲ ಇಳಿದು ಹತ್ತಬೇಕು ಅಂತ ನೋಡಿ.

ತುಮಕೂರಿಂದ ಶಿಫ್ಟ್ ಆದೋರು:

ನಾವು ಶಿಫ್ಟ್ ಆಗಿ ಕೈ ಸುಟ್ಕೊಂಡೋರು. ಬಾಡಿಗೆ ಕಮ್ಮಿ ಅಂತ ದಾಸರಹಳ್ಳಿ ಹತ್ರ ಮನೆ, ಆಫೀಸು ಎಲೆಕ್ಟ್ರಾನಿಕ್ ಸಿಟಿ. ಆಗ ಹಳದಿ ಲೈನ್ ಮೆಟ್ರೋನೂ ಇರಲಿಲ್ಲ, ಅದು ಬಂದಿದ್ದೇ 2025ರ ಆಗಸ್ಟಲ್ಲಿ. ತುಮಕೂರಿಂದ ಹಳೇ ಆಫೀಸಿಗೆ ರೈಲಲ್ಲಿ ಬರ್ತಿದ್ದಕ್ಕಿಂತ ಜಾಸ್ತಿ ಹೊತ್ತು ಊರೊಳಗೇ ಬಸ್ಸಲ್ಲಿ ಕೂರ್ತಿದ್ದೆ, ಅಡ್ವಾನ್ಸು ಲಕ್ಷಗಟ್ಟಲೆ ಕೊಟ್ಟಿದ್ದು ಬೇರೆ. ಬೆಂಗಳೂರಿಗೆ ಶಿಫ್ಟ್ ಆಗೋದು ಅಂದ್ರೆ ಆಫೀಸ್ ಹತ್ರ ಹೋಗೋದು ಅಂತಲ್ಲ. ನೀವೇನಾದ್ರೂ ಶಿಫ್ಟ್ ಆಗೋದಾದ್ರೆ ಇಂದಿರಾನಗರದ ಬಾಡಿಗೆ ಕೇಳಿ ತಲೆ ತಿರುಗಿಸ್ಕೋಬೇಡಿ, ಅದೇ ನೇರಳೆ ಲೈನಲ್ಲಿ ಕೆಂಗೇರಿ, ವಿಜಯನಗರ ಕಡೆ ನೋಡಿ. ಕೆಂಗೇರೀಲಿ ಮೈಸೂರು ರೈಲೂ ನಿಲ್ಲತ್ತೆ, ಯಜಮಾನ್ರು ವಾರಕ್ಕೊಂದ್ಸಲ ಬಂದು ಹೋಗೋಕೆ ಸಲೀಸು. ಮಗಳ ಅಡ್ಮಿಶನ್ ಮಾತ್ರ ವರ್ಷದ ಮಧ್ಯ ಮಾಡಿಸೋಕೆ ಹೋಗ್ಬೇಡಿ, ಫೀಸು ಎರಡೂ ಕಡೆ ಹೋಗತ್ತೆ. ಪ್ರೊಬೇಶನ್ ಮುಗಿಯೋವರೆಗೆ ಮನೆ ಅಲ್ಲಾಡಿಸ್ಬೇಡಿ, ಇದಂತೂ ಖಂಡಿತ.

ಹುಬ್ಬಳ್ಳಿಯಾಕಿ:

ಅಕ್ಕಾರ, ನೀವು ಮೈಸೂರಾಗ ಇದ್ದು ಇಷ್ಟ ವಿಚಾರ ಮಾಡಾಕತ್ತೀರಿ, ನಮ್ಮ ಕಡಿಂದ ಅಪ್ ಡೌನ್ ಅನ್ನೂ ಮಾತ ಇಲ್ಲ. 2023ರಾಗ ಧಾರವಾಡಕ್ಕ ವಂದೇ ಭಾರತ್ ಬಂತು ಖರೆ, ಆದ್ರ ದಿನಾ ಹೋಗಿ ಬರೂದು ಆಕ್ಕೈತೇನು? ನಾ ಪಿಜಿಯೊಳಗ ಇದ್ದು, ಶುಕ್ರವಾರ ರಾತ್ರಿ ಗಾಡಿ ಹಿಡಿದು ಊರಿಗೆ ಹೋಗಿ, ಐತವಾರ ರಾತ್ರಿ ಹೊಳ್ಳಿ ಬರ್ತಿದ್ದೆ. ಮಗಾ ಸಣ್ಣಾಂವ ಇದ್ದ. ಮೊದಲ ಮೊದಲ ನಾ ಹೊಂಟ್ರ ಅಳ್ತಿದ್ದ, ಆಮ್ಯಾಲ ಅಳೂದು ಬಿಟ್ಟ, ನನಗ ಅದ ಭಾಳ ತ್ರಾಸ ಆತು ನೋಡ್ರಿ. ಹಂಗಂತ ನೌಕರಿ ಬಿಡಲಿಲ್ಲ. ಈಗ ಅಂವಾ ದೊಡ್ಡಾಂವ ಆಗ್ಯಾನ, ನನ್ನ ಕೆಲಸದ ಬಗ್ಗೆ ಮಂದಿ ಮುಂದ ಹೇಳ್ಕೋತ ತಿರಗ್ತಾನ.

ನಿಮಗೊಂದು ಐಡಿಯಾ ಹೇಳ್ತೀನಿ. ನಾಕ ದಿನಾ ಆಫೀಸು ಅಂದ್ರಲ್ಲ, ಸೋಮವಾರ ಮಂಗಳವಾರ ಜೋಡಿ, ಗುರುವಾರ ಶುಕ್ರವಾರ ಜೋಡಿ ಮಾಡ್ಕೊಡ್ರಿ ಅಂತ ಕೇಳ್ರಿ, ಬುಧವಾರ ಮನಿಯಿಂದ. ಸೋಮವಾರ ಮುಂಜಾನೆ ಹೋಗಿ ರಾತ್ರಿ ಅಲ್ಲೇ ಇದ್ದು ಮಂಗಳವಾರ ಸಂಜೀಕ ಮನಿಗೆ. ಗುರುವಾರ ಮತ್ತ ಹಂಗ. ವಾರದಾಗ ಎರಡ ರಾತ್ರಿ ಅಷ್ಟ ಹೊರಗ, ಎರಡ ದಿನಾ ಅಷ್ಟ ನಸುಕಿನ್ಯಾಗ ಏಳೂದು. ಆಫೀಸಿಗೆ ಉಳಕೊಂಡ ದಿನಾ ಏಳು ಗಂಟೆತನಕಾ ಕುಂತ್ರೂ ನಡೀತೈತಿ, ಐದೂಕಾಲಿನ ಮಾತೂ ಅರ್ಧಾ ಕಮ್ಮಿ ಆತು. ಪಿಜಿಯವ್ರು ಎಂಟ ರಾತ್ರಿಗೂ ಇಡೀ ತಿಂಗಳ ರೊಕ್ಕಾನ ಕೇಳ್ತಾರ, ಅದು ಲೆಕ್ಕದಾಗ ಇರಲಿ. ಬಳಗದವ್ರ ಮನಿ ಇದ್ರ ಛಲೋ, ಆದ್ರ ಅವ್ರ ಮನಿಗೂ ಏನರ ತಿಂಗಳಾ ಕೊಡ್ರಿ, ಪುಕ್ಕಟೆ ಇರಬ್ಯಾಡ್ರಿ.

ಪ್ರಶ್ನೆ ಕೇಳಿದೋಳು:

ಅಯ್ಯೋ ಇಷ್ಟು ಜನ ಇಷ್ಟು ಬರೀತೀರ ಅಂತ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಮಂಡ್ಯ ಅಕ್ಕ, ಅತ್ತೇನ ನಿನ್ನೆ ರಾತ್ರಿ ಕೂತು ಕೇಳ್ದೆ. "ಮಗು ನೋಡ್ಕೊಳೋದು ಸರಿ, ಬೆಳಿಗ್ಗೆ ಎದ್ದು ಅಡುಗೆ ನನ್ ಕೈಲಿ ಆಗಲ್ಲ" ಅಂದ್ರು, ನೇರವಾಗಿ. ಹಂಗಾಗಿ ಬೆಳಗಿನ ಹೊತ್ತಿಗೆ ಒಬ್ರು ಅಡುಗೆಯೋರನ್ನ ಹುಡುಕ್ತಿದೀವಿ. ಜಡೆ ಇನ್ನೂ ಟ್ರೈನಿಂಗಲ್ಲಿದೆ. ಮಗಳು ಬಾಬ್ ಕಟ್ ಮಾಡಿಸ್ತೀನಿ ಅಂತಿದಾಳೆ, ಅಪ್ಪನ ಕೈಗೆ ತಲೆ ಕೊಡಲ್ವಂತೆ.

ಹುಬ್ಬಳ್ಳಿಯವ್ರು ಹೇಳಿದ್ ಥರ ಆಫೀಸಿಗೆ ಮೇಲ್ ಹಾಕ್ದೆ. ಎರಡೆರಡು ದಿನ ಜೋಡಿ ಮಾಡೋಕೆ ಒಪ್ಪಿದಾರೆ. ಮಂಗಳವಾರ ಶುಕ್ರವಾರ ಐದೂಕಾಲಿಗೆ ಹೊರಡೋದಕ್ಕೆ "ಪ್ರಿಂಟಿಗೆ ಹೋಗೋ ವಾರ ಬಿಟ್ಟು" ಅಂತ ಸೇರಿಸಿ ಬರೆದಿದಾರೆ, ಅದು ನಂಗೂ ನ್ಯಾಯ ಅನ್ಸ್ತು. ವಿಜಯನಗರದಲ್ಲಿ ಚಿಕ್ಕಮ್ಮ ಇದಾರೆ, ದುಡ್ಡು ಕೊಡ್ತೀನಿ ಅಂದಿದ್ದಕ್ಕೆ ಬೈದ್ರು, ಹಾಲು ತರಕಾರಿ ಖರ್ಚು ನಂದು ಅಂತ ಒಪ್ಪಿಸಿದೀನಿ. ಆರು ತಿಂಗಳು ಹಿಂಗೇ. ಶಿಫ್ಟ್ ಮಾತು ಮುಂದಿನ ಸ್ಕೂಲ್ ವರ್ಷಕ್ಕೆ ಬಿಟ್ಟಿದೀವಿ. ಈಗ ಒಂದೇ ಡೌಟು, ವಾರಕ್ಕೆ ಎರಡು ಸಲ ಹೋಗಿಬರೋಕೆ ಪಾಸ್ ಮಾಡಿಸ್ಲಾ?

ಚಾಮುಂಡಿ ಪಾಸ್‌ನೋರು, ಮೈಸೂರು:

ಬೇಡ. ದಿನಾ ಹೋಗೋರಿಗೆ ಪಾಸು. ನಿಮಗೆ ರಿಸರ್ವೇಶನ್ ಸೆಕೆಂಡ್ ಸಿಟಿಂಗೇ ಸರಿ, ಬೆಳಿಗ್ಗೆ ನಿದ್ದೆನಾದ್ರೂ ಮಾಡ್ಬೋದು. ಸೋಮವಾರ ಬೆಳಿಗ್ಗೆದು, ಶುಕ್ರವಾರ ಸಂಜೆದು ಬೇಗ ತುಂಬೋಗತ್ತೆ, ಅವೆರಡನ್ನ ಮೊದ್ಲೇ ಬುಕ್ ಮಾಡಿಬಿಡಿ, ಮಂಗಳವಾರ ಗುರುವಾರದ್ದಕ್ಕೆ ಅಷ್ಟು ಅವಸರ ಇಲ್ಲ. ಪ್ರಿಂಟಿಗೆ ಹೋಗೋ ವಾರ ಮಾತ್ರ ಸಂಜೆದು ಬುಕ್ ಮಾಡ್ಬೇಡಿ, ಕ್ಯಾನ್ಸಲ್ ಮಾಡಿದ್ರೆ ಕೈಗೆ ಹೆಚ್ಚೇನೂ ಬರಲ್ಲ. ಆ ದಿನ ಲೇಟಾದ್ರೆ ಸ್ಯಾಟಲೈಟ್ ಬಸ್ ಸ್ಟ್ಯಾಂಡಿಂದ ರಾತ್ರಿ ಎಷ್ಟೊತ್ತಿಗೂ ಮೈಸೂರು ಬಸ್ ಇರತ್ತೆ.