ಮೊದಲ 50 ಕಿ.ಮೀ. ಅಲ್ಟ್ರಾ ಓಟಕ್ಕೆ ಸಿದ್ಧತೆ ಹೇಗಿರಬೇಕು?

ಪ್ರಶ್ನೆ: ಮ್ಯಾರಥಾನಿನ 42.195 ಕಿ.ಮೀ. ಓಡಿ ಅಭ್ಯಾಸವಿದೆ, ಈಗ ಗುಡ್ಡಗಾಡಿನ 50 ಕಿ.ಮೀ. ಓಟಕ್ಕೆ ಹೆಸರು ನೋಂದಾಯಿಸಿದ್ದೇನೆ. ತರಬೇತಿಯಲ್ಲಿ ಪೂರ್ತಿ ದೂರವನ್ನು ಒಮ್ಮೆಯಾದರೂ ಓಡಿರಲೇಬೇಕೆ? ಓಡುತ್ತ ಎಷ್ಟು ತಿನ್ನಬೇಕು ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಪೂರ್ತಿ ದೂರ ಓಡಬೇಕಾಗಿಲ್ಲ. ಒಂದು ದಿನ ದೀರ್ಘವಾಗಿ ಓಡಿ, ಮರುದಿನ ದಣಿದ ಕಾಲುಗಳಲ್ಲೇ ಮತ್ತೆ ಒಂದೆರಡು ಗಂಟೆ ನಿಧಾನವಾಗಿ ಓಡುವುದನ್ನು ರೂಢಿಸಿಕೊಂಡರೆ, ಒಂದೇ ಸಲ ಅಷ್ಟು ದೂರ ಓಡಿ ಗಾಯ ಮಾಡಿಕೊಳ್ಳದೆಯೇ ಬೇಕಾದ ತಾಳಿಕೆ ಬರುತ್ತದೆ. ಏರಿನಲ್ಲಿ ನಡೆಯಿರಿ, ಸಂಕೋಚ ಬೇಡ. ನಿಜವಾದ ಪೆಟ್ಟು ಬೀಳುವುದು ಇಳಿಜಾರಿನಲ್ಲಿ: ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುವುದರಿಂದ ಅವುಗಳ ಎಳೆಗಳಿಗೆ ಸೂಕ್ಷ್ಮವಾದ ಹಾನಿಯಾಗುತ್ತದೆ. ಆದ್ದರಿಂದ ಇಳಿಯುವುದನ್ನೂ ತಪ್ಪದೆ ಅಭ್ಯಾಸ ಮಾಡಿ.

ಮತ್ತೊಂದು ಉತ್ತರ: ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬುದು ಸಾಮಾನ್ಯ ಲೆಕ್ಕ, ಹಸಿವಾಗುವವರೆಗೆ ಕಾಯದೆ ಮೊದಲ ಗಂಟೆಯಿಂದಲೇ ತಿನ್ನಲು ಶುರುಮಾಡಿ. ನೀರನ್ನು ಮಾತ್ರ ಬಾಯಾರಿಕೆಗೆ ತಕ್ಕಷ್ಟೇ ಕುಡಿಯಿರಿ, ಏಕೆಂದರೆ ಅತಿಯಾಗಿ ಕುಡಿದರೆ ರಕ್ತದಲ್ಲಿನ ಸೋಡಿಯಂ ಪ್ರಮಾಣ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಮೂರನೆಯ ಉತ್ತರ: ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ನುಂಗಿ ಓಡಬೇಡಿ, ನೀರಿನಂಶ ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು.