1966ರ ಮಸ್ಟಾಂಗ್: ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ, ಬಿಸಿಯಲ್ಲಿ ನಿಂತರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ

ಕ್ಯಾಲಿಫೋರ್ನಿಯಾದ ಟ್ರೇಸಿ ಊರಿನಿಂದ

ಎಲ್ಲರಿಗೂ ನಮಸ್ಕಾರ. ನನ್ನದು 1966ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್. 289 ಘನ ಅಂಗುಲದ ವಿ8 ಎಂಜಿನ್, ಎರಡು ಬ್ಯಾರೆಲ್ ಕಾರ್ಬ್ಯುರೇಟರ್, ಸಿ4 ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಗಾಡಿಯ ಚಾಸಿಸ್ ನಂಬರ್ 6ಆರ್07ಸಿ ಎಂದು ಶುರುವಾಗುತ್ತದೆ. ಅದರಲ್ಲಿ ಆರ್ ಅಂದರೆ ಸ್ಯಾನ್ ಹೋಸೆ ಕಾರ್ಖಾನೆ. ಆ ಕಾರ್ಖಾನೆ ಇದ್ದದ್ದು ಪಕ್ಕದ ಮಿಲ್ಪಿಟಾಸ್‌ನಲ್ಲಿ, ಇವತ್ತು ಗ್ರೇಟ್ ಮಾಲ್ ಇರುವ ಕಟ್ಟಡದಲ್ಲಿ. ನಾವು ಹಬ್ಬಕ್ಕೆ ಬಟ್ಟೆ ಕೊಳ್ಳಲು ಹೋಗುವ ಜಾಗದಲ್ಲೇ ಈ ಕಾರು ಹುಟ್ಟಿತೆಂದು ತಿಳಿದ ಮೇಲೆ ಇದನ್ನು ಹೊದಿಕೆ ಹಾಕಿ ನಿಲ್ಲಿಸಿಡಲು ಮನಸ್ಸು ಬರಲಿಲ್ಲ. ದಿನವೂ ಕೆಲಸಕ್ಕೆ ಇದರಲ್ಲೇ ಹೋಗಬೇಕು ಎಂಬುದು ನನ್ನ ಆಸೆ.

ಅದಕ್ಕಾಗಿ ಎರಡು ವರ್ಷಗಳಲ್ಲಿ ಮಾಡಿಸಿದ್ದು: ಹೊಸ ಅಲ್ಯೂಮಿನಿಯಂ ರೇಡಿಯೇಟರ್, ಬೆಲ್ಟಿನ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್, ಹೊರಗಿನಿಂದ ತಂದ ಎಸಿ, ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೆಯ ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಹಳೆಯದೇ. ಬ್ರೇಕ್ ನಾಲ್ಕೂ ಕಡೆ ಹಳೆಯ ಡ್ರಮ್.

ಈಗ ತೊಂದರೆ. ಬೆಳಿಗ್ಗೆ ಪ್ಲೆಸಂಟನ್‌ಗೆ ಹೋಗುವಾಗ ಏನೂ ಆಗುವುದಿಲ್ಲ. ಸಂಜೆ 580 ಹೆದ್ದಾರಿಯಲ್ಲಿ ಲಿವರ್ಮೋರ್ ದಾಟಿ ಆಲ್ಟಮಾಂಟ್ ಏರು ಹತ್ತುವ ಹೊತ್ತಿಗೆ ಟ್ರಾಫಿಕ್ ತೆವಳುತ್ತಿರುತ್ತದೆ, ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್. ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಎಸಿ ಆರಿಸಿದರೆ ಸ್ವಲ್ಪ ಇಳಿಯುತ್ತದೆ. ಕಳೆದ ವಾರ ಎರಡು ಸಲ ಎಂಜಿನ್ ತಾನಾಗಿ ನಿಂತುಹೋಯಿತು. ಕೀ ತಿರುಗಿಸಿದರೆ ಹಿಡಿಯುತ್ತದೆ, ಕೀ ಬಿಟ್ಟೊಡನೆ ಆರುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಎರಡನೆಯ ಸಲ ಮಗಳು ಜೊತೆಗಿದ್ದಳು. ಲಾರಿಗಳ ನಡುವೆ ರಸ್ತೆಯ ಅಂಚಿಗೆ ಕಾರನ್ನು ತಳ್ಳುವಾಗ ನನ್ನ ಕೈ ನಡುಗುತ್ತಿತ್ತು.

ಗ್ಯಾರೇಜಿನವರು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲು) ತೆಗೆದುಬಿಡಿ, ಇನ್ನೂ ದೊಡ್ಡ ರೇಡಿಯೇಟರ್ ಹಾಕಿಸಿ ಎನ್ನುತ್ತಾರೆ. ಈಗಾಗಲೇ ಸಾಕಷ್ಟು ಖರ್ಚಾಗಿದೆ. ದಯವಿಟ್ಟು ದಾರಿ ತೋರಿಸಿ.

ದಾವಣಗೆರೆಯಿಂದ

ನಾನು ಅಪ್ಪನ ಗ್ಯಾರೇಜಿನಲ್ಲಿ ಬೆಳೆದವಳು. ಮಸ್ಟಾಂಗ್ ಮುಟ್ಟಿಲ್ಲ, ಆದರೆ ಕಾರ್ಬ್ಯುರೇಟರ್ ಗಾಡಿಗಳ ಬಿಸಿಲಿನ ಕಾಯಿಲೆ ಚೆನ್ನಾಗಿ ಗೊತ್ತು. ಅಂಬಾಸಿಡರ್ ಘಾಟಿಯಲ್ಲಿ ನಿಂತರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯುತ್ತಿದ್ದೆವು. ಬಿಸಿಗೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿ ಪಂಪು ಎಳೆಯಲಾರದೆ ಹೋಗುವ ತೊಂದರೆ ಅದು. ನಿಮ್ಮಲ್ಲಿ ಪೆಟ್ರೋಲಿಗೆ 10 ಶೇಕಡಾ ಎಥನಾಲ್ ಬೆರೆಸುತ್ತಾರೆ, ಅದು ಬೇಗ ಆವಿಯಾಗುತ್ತದೆ. ಇನ್ನೊಂದು ಸಾಧ್ಯತೆಯೂ ಇದೆ: ಎಂಜಿನ್ ಆರಿಸಿದ ಮೇಲೆ ಕೆಳಗಿನ ಬಿಸಿಗೆ ಕಾರ್ಬ್ಯುರೇಟರಿನ ತೊಟ್ಟಿಯಲ್ಲಿರುವ ಪೆಟ್ರೋಲ್ ಕುದಿದು ಒಳಗೆ ಸುರಿದಿರಬಹುದು. ನಿಂತ ಕೂಡಲೇ ಏರ್ ಕ್ಲೀನರ್ ಬಿಚ್ಚಿ, ಟಾರ್ಚ್ ಹಿಡಿದು ಕಾರ್ಬ್ಯುರೇಟರಿನ ಬಾಯೊಳಗೆ ನೋಡಿ. ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಇದೇ ಕಾರಣ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು.

ಸ್ಯಾಕ್ರಮೆಂಟೊದಿಂದ

ದಾವಣಗೆರೆಯ ತಂಗಿ ಹೇಳಿದ್ದನ್ನು ನೋಡಿಕೊಳ್ಳಿ, ಈ ಬಿಸಿಲಿನಲ್ಲಿ ಅದು ನಿಜವಾಗಿಯೂ ಆಗುತ್ತದೆ. ಆದರೆ ನಿಮ್ಮ ಬರಹದ ಒಂದು ವಾಕ್ಯದಲ್ಲಿ ನನ್ನ ಕಣ್ಣು ಸಿಕ್ಕಿಕೊಂಡಿದೆ: ಕೀ ತಿರುಗಿಸಿದರೆ ಹಿಡಿಯುತ್ತದೆ, ಬಿಟ್ಟೊಡನೆ ಆರುತ್ತದೆ. ಪೆಟ್ರೋಲಿಗೆ ನಿಮ್ಮ ಕೈ ಕೀಲಿಯ ಮೇಲಿದೆಯೋ ಇಲ್ಲವೋ ತಿಳಿಯುವುದಿಲ್ಲ. ತಿಳಿಯುವುದು ಕರೆಂಟಿಗೆ ಮಾತ್ರ.

ಈ ಕಾರಿನಲ್ಲಿ ಕೀ ಸ್ವಿಚ್ಚಿನಿಂದ, ಕಿಡಿಗೆ ಬೇಕಾದ ಕರೆಂಟ್ ಕೊಡುವ ಕಾಯಿಲ್‌ಗೆ ಹೋಗುವ ಗುಲಾಬಿ ಬಣ್ಣದ ತಂತಿ ಸಾಮಾನ್ಯ ತಂತಿಯಲ್ಲ. ಅದು ರೋಧ ಇರುವ ತಂತಿ. ಪಾಯಿಂಟ್ ಬೇಗ ಸುಟ್ಟುಹೋಗದಿರಲಿ ಎಂದು ಎಂಜಿನ್ ಓಡುವಾಗ ಕಾಯಿಲ್‌ಗೆ ಕಡಿಮೆ ವೋಲ್ಟೇಜ್ ಕೊಡುವುದು ಅದರ ಕೆಲಸ. ಸೆಲ್ಫ್ ಹೊಡೆಯುವಾಗ ಮಾತ್ರ ಫೆಂಡರಿನ ಒಳಬದಿಯಲ್ಲಿರುವ ಸ್ಟಾರ್ಟರ್ ಸೊಲೆನಾಯ್ಡ್ ಎಂಬ ಸ್ವಿಚ್ ಬ್ಯಾಟರಿಯ ಪೂರ್ತಿ ವೋಲ್ಟೇಜನ್ನು ಇನ್ನೊಂದು ತಂತಿಯಲ್ಲಿ ನೇರವಾಗಿ ಕಾಯಿಲ್‌ಗೆ ಕಳಿಸುತ್ತದೆ. ಕೀ ಬಿಟ್ಟರೆ ಮತ್ತೆ ಗುಲಾಬಿ ತಂತಿಯೇ ಗತಿ. ಪಾಯಿಂಟಿಗೆ ಇದು ಒಳ್ಳೆಯ ಏರ್ಪಾಡು. ಎಲೆಕ್ಟ್ರಾನಿಕ್ ಕಿಟ್ಟಿಗೆ ಮಾತ್ರ ಪೂರ್ತಿ 12 ವೋಲ್ಟ್ ಬೇಕು. ಕಿಟ್ಟಿನ ಕೆಂಪು ತಂತಿಯನ್ನು ಕಾಯಿಲ್‌ನ ಪಾಸಿಟಿವ್‌ಗೇ ಕಟ್ಟಿದ್ದರೆ ಅದು ಅರೆಹೊಟ್ಟೆಯಲ್ಲಿ ದುಡಿಯುತ್ತಿದೆ. ಬೆಳಗಿನ ತಂಪಿನಲ್ಲಿ ಹೇಗೋ ನಡೆಯುತ್ತದೆ, ಸಂಜೆ ಕೈಕೊಡುತ್ತದೆ.

ಬಿಸಿಯಾಗುವುದಕ್ಕೂ ಇದರ ನೆಂಟಸ್ತಿಕೆ ಇರಬಹುದು ಎಂದು ನನ್ನ ಅನುಮಾನ. ನಿಮ್ಮ ಹಳೆಯ ಆಲ್ಟರ್ನೇಟರ್ ಸುಮಾರು 40 ಆಂಪಿಯರಿನದು, ಅದೂ ಎಂಜಿನ್ ವೇಗವಾಗಿ ತಿರುಗುವಾಗ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಮೆಲ್ಲಗೆ ಓಡುವಾಗ, ಅದರಿಂದ ಬಹಳ ಕಡಿಮೆ ಬರುತ್ತದೆ. ಒಳ್ಳೆಯ ಎಲೆಕ್ಟ್ರಿಕ್ ಫ್ಯಾನ್ ಒಂದೇ 25ರಿಂದ 30 ಆಂಪಿಯರ್ ಕೇಳುತ್ತದೆ. ಎಸಿಯ ಬ್ಲೋವರ್, ಎಸಿಯ ಕ್ಲಚ್, ಹೆಡ್‌ಲೈಟ್ ಸೇರಿಸಿ. ಗಾಡಿ ತೆವಳುವಾಗ, ಅಂದರೆ ಫ್ಯಾನ್ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ, ಅದಕ್ಕೆ ಸಿಗುವ ವೋಲ್ಟೇಜ್ ಕುಸಿದು ಫ್ಯಾನ್ ನಿಧಾನವಾಗುತ್ತದೆ. ಹೆದ್ದಾರಿಯ ವೇಗದಲ್ಲಿ ಎದುರುಗಾಳಿ ಇರುವುದರಿಂದ ಇದು ಕಾಣುವುದೇ ಇಲ್ಲ.

ಇನ್ನು ಒಂದು ಪೈಸೆಯೂ ಖರ್ಚು ಮಾಡಬೇಡಿ. ಥರ್ಮೋಸ್ಟಾಟ್ ಅಲ್ಲಿಯೇ ಇರಲಿ. ಅದಿಲ್ಲದಿದ್ದರೆ ಚಳಿಗಾಲದಲ್ಲಿ ಎಂಜಿನ್ ತನ್ನ ಹದಕ್ಕೇ ಬರುವುದಿಲ್ಲ, ಆಯಿಲ್‌ನಲ್ಲಿ ಕೆಸರು ಕೂರುತ್ತದೆ. ಒಂದು ಮಲ್ಟಿಮೀಟರ್ ಸಾಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಪಾರ್ಕಿಂಗ್ ಬ್ರೇಕ್ ಎಳೆದು, ಎಸಿ, ಬ್ಲೋವರ್, ಹೆಡ್‌ಲೈಟ್, ಫ್ಯಾನ್ ಎಲ್ಲವನ್ನೂ ಹಾಕಿ ಐಡ್ಲಿಂಗ್‌ನಲ್ಲಿ ಬಿಡಿ. ಬ್ಯಾಟರಿಯ ಎರಡು ತುದಿಗಳ ನಡುವೆ ಎಷ್ಟು, ಫ್ಯಾನಿನ ಪ್ಲಗ್ಗಿನಲ್ಲಿ ಎಷ್ಟು, ಕಿಟ್ಟಿನ ಕೆಂಪು ತಂತಿಯಲ್ಲಿ ಎಷ್ಟು ಎಂದು ಬರೆದುಕೊಳ್ಳಿ. ಕೊನೆಗೆ ಬ್ಯಾಟರಿಯ ನೆಗೆಟಿವ್‌ಗೂ ಫ್ಯಾನಿನ ಅರ್ಥಿಂಗ್ ತಂತಿಗೂ ನಡುವೆ ಅಳೆಯಿರಿ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು.

ಮುಳ್ಳನ್ನೂ ಕುರುಡಾಗಿ ನಂಬಬೇಡಿ. 1966ರ ಡ್ಯಾಶ್‌ಬೋರ್ಡಿನಲ್ಲಿ ಪೆಟ್ರೋಲ್, ಆಯಿಲ್ ಮತ್ತು ಟೆಂಪರೇಚರ್ ಮೀಟರುಗಳಿಗೆ ಒಂದೇ ಪುಟ್ಟ ರೆಗ್ಯುಲೇಟರಿನಿಂದ ಸರಾಸರಿ 5 ವೋಲ್ಟ್ ಹೋಗುತ್ತದೆ. ಅದು ಕೆಟ್ಟರೆ ಮೂರೂ ಒಟ್ಟಿಗೆ ಸುಳ್ಳು ಹೇಳುತ್ತವೆ. ಟೆಂಪರೇಚರ್ ಏರಿದಾಗ ಪೆಟ್ರೋಲಿನ ಮುಳ್ಳೂ ಏರುತ್ತದೆಯೇ ನೋಡಿ. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟ್ ಕೂರುವ ಗೂಡಿಗೆ ಹಿಡಿದರೆ ನಿಜ ತಿಳಿಯುತ್ತದೆ.

ಮಿಷಿಗನ್‌ನಿಂದ

ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು, ಸರಿಯಿದೆಯೇ ನೋಡಿದ್ದೀರಾ? ಕ್ರ್ಯಾಂಕಿನ ಮುಂದೆ ಕಂಪನ ತಡೆಯಲು ಇರುವ ಬ್ಯಾಲೆನ್ಸರ್ ಚಕ್ರದಲ್ಲಿ ಒಳಗಿನ ನಡುಭಾಗಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರ್ ಇದೆ. ಇಷ್ಟು ವರ್ಷಗಳಲ್ಲಿ ಆ ರಬ್ಬರ್ ಬಿಟ್ಟು ಬಳೆ ಜಾರಿದ್ದರೆ ಅದರ ಮೇಲಿನ ಟೈಮಿಂಗ್ ಗುರುತುಗಳೇ ತಪ್ಪಾಗಿರುತ್ತವೆ. ಟೈಮಿಂಗ್ ಲೈಟ್ 6 ಡಿಗ್ರಿ ತೋರಿಸುತ್ತದೆ, ನಿಜವಾಗಿ ಕಿಡಿ ತಡವಾಗಿರುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಒಂದನೆಯ ಸಿಲಿಂಡರಿನ ಪ್ಲಗ್ ಜಾಗದಲ್ಲಿ ಪಿಸ್ಟನ್ನಿಗೆ ಅಡ್ಡ ನಿಲ್ಲುವ ಪಿಸ್ಟನ್ ಸ್ಟಾಪ್ ಹಾಕಿ, ಕೈಯಿಂದ ಎರಡೂ ಕಡೆ ತಿರುಗಿಸಿ, ನಡುಬಿಂದು ಗುರುತಿನ ಸೊನ್ನೆಗೆ ಸರಿಯಾಗಿ ಬರುತ್ತದೆಯೇ ಪರೀಕ್ಷಿಸಿ.

ಎಲೆಕ್ಟ್ರಿಕ್ ಫ್ಯಾನಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಕ್ಲಚ್ ಇರುವ ಬೆಲ್ಟಿನ ಫ್ಯಾನ್, ಅದರ ಸುತ್ತ ಗಾಳಿಯನ್ನು ರೇಡಿಯೇಟರಿನ ಮೂಲಕವೇ ಎಳೆಯುವಂತೆ ಮಾಡುವ ಸರಿಯಾದ ಹೊದಿಕೆ, ಅಂದರೆ ಶ್ರೌಡ್, ರೆಕ್ಕೆಗಳು ಅರ್ಧ ಶ್ರೌಡಿನ ಒಳಗೆ, ಅರ್ಧ ಹೊರಗೆ. ಅದಕ್ಕೆ ಒಂದು ಆಂಪಿಯರೂ ಬೇಡ. ಫ್ಯೂಸಿಲ್ಲ, ರಿಲೇ ಸ್ವಿಚ್ಚಿಲ್ಲ, ನಡುದಾರಿಯಲ್ಲಿ ಕೈಕೊಡುವ ಮೋಟಾರ್ ಇಲ್ಲ.

ಟ್ರೇಸಿಯಿಂದ

ಶನಿವಾರ ಇಡೀ ದಿನ ಇದಕ್ಕೇ ಕೊಟ್ಟೆ.

ಪಿಸ್ಟನ್ ಸ್ಟಾಪ್ ಹಾಕಿ ನೋಡಿದೆ, ಗುರುತು ಸರಿಯಾಗಿದೆ. ಮೀಟರುಗಳಲ್ಲಿ ಟೆಂಪರೇಚರ್ ಒಂದೇ ಏರುತ್ತದೆ. ಥರ್ಮಾಮೀಟರ್ 226 ಡಿಗ್ರಿ ತೋರಿಸಿತು, ಅಂದರೆ 108 ಸೆಲ್ಸಿಯಸ್. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿರಲಿಲ್ಲ. ಪಂಪಿಗೆ ಒದ್ದೆ ಬಟ್ಟೆ ಸುತ್ತಿದರೂ ವ್ಯತ್ಯಾಸವಾಗಲಿಲ್ಲ.

ವೋಲ್ಟೇಜ್: ಬ್ಯಾಟರಿಯಲ್ಲಿ 12.1. ಫ್ಯಾನ್ ಪ್ಲಗ್ಗಿನಲ್ಲಿ 10.2. ಕೆಂಪು ತಂತಿಯಲ್ಲಿ 7.8. ಅರ್ಥಿಂಗ್ ಕಡೆ ಸೊನ್ನೆ ಬರಲಿಲ್ಲ, 0.9 ಇತ್ತು. ಹೋಗಿ ನೋಡಿದರೆ ಫ್ಯಾನಿನ ಅರ್ಥಿಂಗ್ ತಂತಿಯನ್ನು ರೇಡಿಯೇಟರಿನ ಚೌಕಟ್ಟಿಗೆ, ಹೊಸ ಬಣ್ಣದ ಮೇಲೆಯೇ ಸ್ಕ್ರೂ ಹಾಕಿ ಕೂರಿಸಿದ್ದಾರೆ. ಪಾಸಿಟಿವ್ ತಂತಿ ಫ್ಯೂಸ್ ಬಾಕ್ಸಿನಿಂದ ಬರುವ ತೆಳ್ಳನೆಯ ತಂತಿ, ರಿಲೇ ಇಲ್ಲ. ಮುಟ್ಟಿದರೆ ಬಿಸಿ.

ಸ್ಯಾಕ್ರಮೆಂಟೊದಿಂದ

ಆ ತೆಳ್ಳನೆಯ ತಂತಿಯಲ್ಲಿ ಇನ್ನು ಗಾಡಿ ಓಡಿಸಬೇಡಿ, ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿ ಹತ್ತುತ್ತದೆ. ಮೊದಲು ಅದನ್ನೇ ಬದಲಿಸಿ. ಬ್ಯಾಟರಿಯ ಕಡೆಯಿಂದ ದಪ್ಪನೆಯ 10 ಗೇಜಿನ ತಂತಿ, ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್, 40 ಆಂಪಿಯರ್ ರಿಲೇ. ಅರ್ಥಿಂಗ್ ಅನ್ನು ಬಣ್ಣ ಕೆರೆದ ಲೋಹಕ್ಕೆ, ಇನ್ನೂ ಒಳ್ಳೆಯದೆಂದರೆ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಕೊಡಿ.

ಇಗ್ನಿಷನ್ನಿಗೆ: ಕೆಂಪು ತಂತಿಯನ್ನು ಕಾಯಿಲ್‌ನಿಂದ ಬಿಡಿಸಿ, ಗುಲಾಬಿ ತಂತಿ ಶುರುವಾಗುವುದಕ್ಕೆ ಮೊದಲೇ, ಕೀ ಸ್ವಿಚ್ಚಿನ ಕಡೆಯಿಂದ ಪೂರ್ತಿ ವೋಲ್ಟೇಜ್ ಕೊಡಿ. ಸೆಲ್ಫ್ ಹೊಡೆಯುವಾಗಲೂ ಅಲ್ಲಿ ಕರೆಂಟ್ ಇರಬೇಕು, ಮೀಟರ್ ಹಿಡಿದು ಖಚಿತ ಮಾಡಿಕೊಂಡೇ ಜೋಡಿಸಿ. ಕಾಯಿಲ್ ಹಳೆಯದಾದರೆ ಅದು ಗುಲಾಬಿ ತಂತಿಯಲ್ಲೇ ಇರಲಿ, ಪೂರ್ತಿ 12 ವೋಲ್ಟ್ ಕೊಟ್ಟರೆ ಕಾದು ಕೆಡುತ್ತದೆ. ಹೊಸ ಕಾಯಿಲ್ ಹಾಕಿದ್ದರೆ ಅದರ ರೋಧ ಎಷ್ಟು ಓಮ್ ಎಂದು ಅಳೆದು ಕಿಟ್ಟಿನ ಸೂಚನೆಯೊಂದಿಗೆ ಹೋಲಿಸಿ.

ಇಷ್ಟಾದರೂ ಐಡ್ಲಿಂಗ್‌ನಲ್ಲಿ ಬ್ಯಾಟರಿ 12.1ರಲ್ಲೇ ಇರುತ್ತದೆ. ಅಂದರೆ ಆಲ್ಟರ್ನೇಟರ್ ಸಾಲದೆ ನಿಮ್ಮ ಫ್ಯಾನ್ ಬ್ಯಾಟರಿಯ ಉಳಿತಾಯವನ್ನು ತಿನ್ನುತ್ತಿದೆ. 1990ರ ದಶಕದ ಫೋರ್ಡ್ ಕಾರುಗಳಲ್ಲಿ ಬಂದ 3ಜಿ ಎಂಬ ಆಲ್ಟರ್ನೇಟರನ್ನು ಈ ಕಾರುಗಳಿಗೆ ಬಹಳ ಜನ ಹಾಕುತ್ತಾರೆ. 95 ಆಂಪಿಯರಿನ ಚಿಕ್ಕದು ಸಾಕು. 130ರದನ್ನು ಒಂದೇ ವಿ-ಬೆಲ್ಟ್ ಎಳೆಯುವಾಗ ಜಾರುತ್ತದೆ. ಪುಲ್ಲಿ ಬದಲಿಸಬೇಕು, ಆಲ್ಟರ್ನೇಟರಿನ ಹಳೆಯ ಹೊರಗಿನ ರೆಗ್ಯುಲೇಟರ್ ತೆಗೆಯಬೇಕು, ಬ್ಯಾಟರಿಗೆ ಫ್ಯೂಸಿನೊಂದಿಗೆ ಇನ್ನೂ ದಪ್ಪನೆಯ 4 ಗೇಜಿನ ಹೊಸ ತಂತಿ ಎಳೆಯಬೇಕು. ಹಳೆಯ ತಂತಿಯಲ್ಲಿ ಅಷ್ಟು ಕರೆಂಟ್ ಹರಿಸಬಾರದು. ಆಮೇಲೆ ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರ್ ನಿಜ ಹೇಳುವುದಿಲ್ಲ, ಒಂದು ವೋಲ್ಟ್ ಮೀಟರ್ ಹಾಕಿಕೊಳ್ಳಿ.

ಇದೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆಯಾಗಿರುವುದು ಬ್ರೇಕಿನದು. 1966ರ ಮಸ್ಟಾಂಗ್‌ನಲ್ಲಿ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. ಬ್ರೇಕಿನ ಯಾವುದೇ ಒಂದು ಹೋಸ್ ಒಡೆದರೂ ಪೆಡಲ್ ನೆಲಕ್ಕೆ ಹೋಗುತ್ತದೆ, ನಾಲ್ಕೂ ಚಕ್ರಗಳ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಮರುವರ್ಷ, 1967ರ ಮಾದರಿಯಿಂದ, ಎರಡು ಕೋಣೆಯದು ಬಂತು. ಆಲ್ಟಮಾಂಟ್ ಇಳಿಜಾರಿನಲ್ಲಿ ಮಗಳನ್ನು ಕೂರಿಸಿಕೊಂಡು ಹೋಗುವವರು ಎಸಿಗೆ ಮೊದಲು ಇದನ್ನು ಮಾಡಿಸಬೇಕಿತ್ತು. ಕಟುವಾಗಿ ಹೇಳಿದೆ, ಬೇಸರಿಸಬೇಡಿ. ಭುಜದ ಮೇಲೆ ಬರುವ ಸೀಟ್ ಬೆಲ್ಟೂ ಹಾಕಿಸಿ, ಹಳೆಯದು ಸೊಂಟಕ್ಕೆ ಮಾತ್ರ.

ದಾವಣಗೆರೆಯಿಂದ

ಪೆಟ್ರೋಲ್ ಅಲ್ಲ, ಕರೆಂಟ್ ಎಂದು ಒಪ್ಪಿದೆ. ಆದರೂ ಗಾಡಿ ಬಿಚ್ಚಿರುವಾಗಲೇ ಪೆಟ್ರೋಲಿನ ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಹಳೆಯ ರಬ್ಬರ್ ಒಳಗಿನಿಂದ ಮೆತ್ತಗಾಗಿ ಸೋರುತ್ತದೆ, ಕೆಳಗೆ ಎಂಜಿನ್ ಕಾದಿರುತ್ತದೆ.

ಟ್ರೇಸಿಯಿಂದ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಫ್ಯಾನಿನ ತಂತಿ, ರಿಲೇ, ಅರ್ಥಿಂಗ್ ಹೊಸದಾದವು. ಪ್ಲಗ್ಗಿನಲ್ಲಿ 10.2 ಇದ್ದದ್ದು 11.8 ಆಯಿತು, ಫ್ಯಾನಿನ ಸದ್ದೇ ಬೇರೆಯಾಯಿತು. ಕೆಂಪು ತಂತಿಯನ್ನು ಬದಲಿಸಿದ ದಿನದಿಂದ ಎಂಜಿನ್ ಒಂದು ಸಲವೂ ನಿಂತಿಲ್ಲ. ಹೋದ ಭಾನುವಾರ 95 ಆಂಪಿಯರಿನ ಆಲ್ಟರ್ನೇಟರ್ ಕೂರಿಸಿದೆ. ಈಗ ಎಲ್ಲವನ್ನೂ ಹಾಕಿ ಐಡ್ಲಿಂಗ್‌ನಲ್ಲಿ ಬ್ಯಾಟರಿ 13.6. ಮೊನ್ನೆ ಸಂಜೆ 102 ಡಿಗ್ರಿ ಬಿಸಿಲಿನಲ್ಲಿ ಲಿವರ್ಮೋರ್‌ನಿಂದ ಏರಿನ ತುದಿಯವರೆಗೆ ತೆವಳಿದೆ, ಎಸಿ ಆರಿಸಲಿಲ್ಲ. ಗಾಳಿಯಂತ್ರಗಳ ಹತ್ತಿರ ಪಕ್ಕಕ್ಕೆ ನಿಲ್ಲಿಸಿ ಥರ್ಮಾಮೀಟರ್ ಹಿಡಿದರೆ 197. ಆರಿಸಿದೆ, ಐದು ನಿಮಿಷ ಬಿಟ್ಟು ಕೀ ತಿರುಗಿಸಿದೆ, ಕೀ ಬಿಟ್ಟೆ. ಓಡುತ್ತಲೇ ಇತ್ತು.

ಒಂದು ಸಣ್ಣ ಸಂದೇಹ ಉಳಿದಿದೆ. ಬೆಳಿಗ್ಗೆ ರೇಡಿಯೇಟರನ್ನು ಕತ್ತಿನವರೆಗೆ ತುಂಬಿಸಿದರೆ ಸಂಜೆ ಒಂದಿಷ್ಟು ನೆಲಕ್ಕೆ ಚೆಲ್ಲಿರುತ್ತದೆ. ಸೋರಿಕೆ ಎಲ್ಲೂ ಕಾಣುವುದಿಲ್ಲ.

ಸ್ಯಾಕ್ರಮೆಂಟೊದಿಂದ

ಅದು ಕಾಯಿಲೆಯಲ್ಲ. ಈ ಕಾರಿಗೆ ಉಕ್ಕಿದ್ದನ್ನು ಹಿಡಿಯುವ ಬಾಟಲಿಯೇ ಇರಲಿಲ್ಲ. ರೇಡಿಯೇಟರಿನಲ್ಲಿರುವ ಕೂಲೆಂಟ್ ಬಿಸಿಗೆ ಹಿಗ್ಗಿದಾಗ ಹೆಚ್ಚಾದದ್ದನ್ನು ಹೊರಗೆ ಹಾಕಿ, ಕತ್ತಿನಿಂದ ಒಂದು ಅಂಗುಲ ಕೆಳಗೆ ನಿಲ್ಲುತ್ತದೆ. ಅಲ್ಲಿಗೇ ಬಿಡಿ, ಅಥವಾ ಬಾಟಲಿ ಮತ್ತು ಅದಕ್ಕೆ ಹೊಂದುವ ಮುಚ್ಚಳ ಹಾಕಿ. ಚೆಲ್ಲಿದ್ದನ್ನು ನೀರು ಹಾಕಿ ತೊಳೆಯಿರಿ, ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಬ್ರೇಕ್ ಏನಾಯಿತು?

ಟ್ರೇಸಿಯಿಂದ

ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ನಾಲ್ಕು ಡ್ರಮ್ಮಿಗೆ ಹೊಂದುವಂಥದ್ದು, ನಿನ್ನೆ ಬಂದಿದೆ. ಪೈಪುಗಳು ಮತ್ತು ಮೂರು ರಬ್ಬರ್ ಹೋಸುಗಳು ಬುಧವಾರ ಬರುತ್ತವೆ. ಅವನ್ನು ಕೂರಿಸಿ, ಬ್ರೇಕ್ ಪೈಪುಗಳೊಳಗಿನ ಗಾಳಿ ತೆಗೆದು, ನಮ್ಮ ಬೀದಿಯಲ್ಲಿ ನಾಲ್ಕು ಸುತ್ತು ಹಾಕಿ ನೋಡುವವರೆಗೆ ಮಗಳು ಅವಳ ಅಮ್ಮನ ಕಾರಿನಲ್ಲೇ ಹೋಗುತ್ತಾಳೆ.